ಹಳೆ ರೇಡಿಯೋದ ಪ್ಲಾಸ್ಟಿಕ್ ಅಂಚುಪಟ್ಟಿಗೆ ಬಣ್ಣ: ಎಲ್ಲಿ ಕೆಡುತ್ತದೆ, ಏಕೆ ಕೆಡುತ್ತದೆ

ರಿಪೇರಿಯಾಗಿ ಮತ್ತೆ ಹಾಡತೊಡಗಿದ ವಾಲ್ವ್ ರೇಡಿಯೋದಲ್ಲಿ ಕಣ್ಣಿಗೆ ಚುಚ್ಚುವುದು ಅದರ ಪ್ಲಾಸ್ಟಿಕ್. ಮರದ ಪೆಟ್ಟಿಗೆಗೆ ಪಾಲಿಶ್ ಹೊಡೆದು ಮಿಂಚಿಸಿದಷ್ಟೂ ಡಯಲ್ ಸುತ್ತಲಿನ ಚೌಕಟ್ಟು, ಸ್ಪೀಕರ್ ಬಟ್ಟೆಯ ಅಂಚುಪಟ್ಟಿ, ನಾಬುಗಳು ಇನ್ನಷ್ಟು ಹಳದಿಯಾಗಿ ಕಾಣುತ್ತವೆ. ಅವುಗಳ ಬಣ್ಣ ಬದಲಿಸಲು ಹೊರಟಾಗ ಎದುರಾಗುವ ತೊಂದರೆಗಳು ಬೆರಳೆಣಿಕೆಯವು: ಬಣ್ಣ ಬಿದ್ದ ಕೂಡಲೇ ಪ್ಲಾಸ್ಟಿಕ್ ಸುಕ್ಕುಗಟ್ಟುತ್ತದೆ, ಬಣ್ಣದ ಮೇಲೆ ಬಿಳಿ ಮಂಜು ಕೂರುತ್ತದೆ, ಮೀನುಗಣ್ಣಿನಂತೆ ಗುಳಿ ಬೀಳುತ್ತದೆ, ಒಣಗಿದ ಮೇಲೆ ಸಿಪ್ಪೆಯಂತೆ ಏಳುತ್ತದೆ, ಅದ್ದಿದ ಬಣ್ಣ ಹಿಡಿಯುವುದೇ ಇಲ್ಲ. ಕಾರವಾರ, ಕುಮಟಾ ಕಡೆಯಾದರೆ ಗಾಳಿಯ ತೇವ ಮತ್ತು ಉಪ್ಪನ್ನು ಮೊದಲು ಅನುಮಾನಿಸಬೇಕು. ಶಿರಸಿ, ಸಿದ್ದಾಪುರದ ಮನೆಗಳ ಸೆಟ್ಟಾದರೆ ಹೊಗೆಯ ಜಿಡ್ಡನ್ನು. ಬಣ್ಣದ ಡಬ್ಬಿಯನ್ನು ಬೈಯುವ ಸರದಿ ಅದರ ನಂತರದ್ದು.

ಬಿಚ್ಚುವ ಮುನ್ನ

ಪ್ಲಗ್ ಕಿತ್ತಿಡಿ. ಟ್ರಾನ್ಸ್‌ಫಾರ್ಮರ್ ಇಲ್ಲದ ಎಸಿ/ಡಿಸಿ ಸೆಟ್ಟುಗಳಲ್ಲಿ ಚಾಸಿಯೇ (ಒಳಗಿನ ಲೋಹದ ಚೌಕಟ್ಟು) ನೇರವಾಗಿ ಕರೆಂಟಿಗೆ ಸೇರಿರುತ್ತದೆ. ನಾಬಿನ ದಂಡವೂ ಅದರೊಳಗಿನ ಪುಟ್ಟ ಸ್ಕ್ರೂವೂ ಶಾಕ್ ಹೊಡೆಯಬಲ್ಲವು. ಪ್ಲಗ್ ಕಿತ್ತ ಮೇಲೂ ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ದೊಡ್ಡ ಫಿಲ್ಟರ್ ಕಂಡೆನ್ಸರಿಗೆ 10 ಕಿಲೋ ಓಮ್, 5 ವಾಟ್‌ನ ರೆಸಿಸ್ಟರನ್ನು ಐದಾರು ಸೆಕೆಂಡು ಹಿಡಿದು ಖಾಲಿ ಮಾಡಿ, ಮೀಟರಿನಲ್ಲಿ ನೋಡಿಯೇ ಕೈ ಹಾಕಿ. ದೀಪದ ಮೇಲೆ ಅಥವಾ ವಾಲ್ವಿನ ಮಗ್ಗುಲಲ್ಲಿ ಬೂದು ಬಣ್ಣದ ರಟ್ಟಿನಂಥ ಹಾಳೆ ಇದ್ದರೆ ಅದು ಆಸ್ಬೆಸ್ಟಾಸ್ ಆಗಿರಬಹುದು, ಕೆರೆಯಬೇಡಿ. ಡಯಲ್ ಗಾಜಿನ ಹಿಂಬದಿಯ ಅಕ್ಷರಗಳಿಗೆ ಒದ್ದೆ ಬಟ್ಟೆ ಕೂಡ ತಾಗಬಾರದು. ಊರುಗಳ ಹೆಸರು ಒಮ್ಮೆ ಬಟ್ಟೆಗೆ ಬಂತೆಂದರೆ ಮರಳಿ ಗಾಜಿಗೆ ಹೋಗುವುದಿಲ್ಲ.

ಹಳದಿ ಮೇಲಿನದೋ, ಒಳಗಿನದೋ?

ನಾಬು ಕಿತ್ತು ಅದರಡಿ ಅಡಗಿದ್ದ ಜಾಗ ನೋಡಿ. ಕಾರ್ಖಾನೆಯಿಂದ ಬಂದಾಗಿನ ಬಣ್ಣ ಸಿಗುವುದು ಅಲ್ಲಿಯೇ, ಇಲ್ಲವೇ ಸ್ಕ್ರೂ ತಲೆಯಡಿ. ಇನ್ನು ಹಳದಿಯಾದ ಕಡೆ ಒಂದು ಚದರ ಸೆಂಟಿಮೀಟರಿನಷ್ಟು ಜಾಗವನ್ನು ಪಾತ್ರೆ ತೊಳೆಯುವ ಸೋಪಿನ ಎರಡು ಹನಿ, ಉಗುರುಬೆಚ್ಚಗಿನ ನೀರು, ಹಳೆ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ. ಅಂಟುವಾಳದ ನೊರೆಯೂ ಆದೀತು. ನೊರೆ ಕಂದಾಗಿ ಇಳಿದರೆ ಅದು ಹೊಗೆ: ಬಚ್ಚಲ ಒಲೆಯದು, ಅಡಿಕೆ ಬೇಯಿಸಿದ ಒಲೆಯದು, ಊದಿನಕಡ್ಡಿಯದು, ಬೀಡಿಯದು. ಮೂರು ಸಲ ತೊಳೆದರೆ ಅರ್ಧ ಕೆಲಸ ಮುಗಿದಂತೆ. ಎಷ್ಟೋ ಪಟ್ಟಿಗಳಿಗೆ ಬಣ್ಣವೇ ಬೇಕಾಗುವುದಿಲ್ಲ. ಅಡಿಕೆ ಸುಲಿದ ಕೈಯಲ್ಲಿ ತಿರುಗಿಸುತ್ತಿದ್ದ ನಾಬಿನ ಗೆರೆಗಳಲ್ಲಿ ಚೊಗರು ಕಪ್ಪಗೆ ಕೂತಿರುತ್ತದೆ. ಅದನ್ನು ಸೂಜಿಯಿಂದಲ್ಲ, ಬಿದಿರು ಕಡ್ಡಿಯ ಮೊನೆಯಿಂದ ತೆಗೆಯಬೇಕು.

ನೊರೆ ಬಿಳಿಯಾಗಿಯೇ ಉಳಿದರೆ ಹಳದಿ ಪ್ಲಾಸ್ಟಿಕ್‌ನ ಒಳಗಿನದು. ಬೆಳಕು, ಶಾಖ, ಗಾಳಿಯ ಆಮ್ಲಜನಕ ಸೇರಿ ಮೇಲ್ಪದರ ಉತ್ಕರ್ಷಣಗೊಂಡಿದೆ. ಹಳದಿ ಕಿಟಕಿಯತ್ತಲಿನ ಒಂದೇ ಬದಿಯಲ್ಲಿದ್ದರೆ ಬೆಳಕು ಕಾರಣ. ದೀಪದ ಮೇಲೆ, ಔಟ್‌ಪುಟ್ ವಾಲ್ವಿನ ನೇರಕ್ಕೆ ಮಾತ್ರ ಕಂದಾಗಿದ್ದರೆ ಶಾಖ ಕಾರಣ. ಹಾಗಿದ್ದಾಗ ಕಾರಣ ತೆಗೆಯದೆ ಹೊಡೆದ ಬಣ್ಣವೂ ಅದೇ ಜಾಗದಲ್ಲಿ ಕಂದುತ್ತದೆ. ಸಾಮಾನ್ಯ ಡಯಲ್ ದೀಪ 6.3 ವೋಲ್ಟ್, 0.3 ಆಂಪಿಯರಿನದು, ಎಂದರೆ ಎರಡು ವಾಟ್‌ಗೂ ತುಸು ಕಡಿಮೆ. ಸಿಕ್ಕಿತೆಂದು ಹೆಚ್ಚಿನ ವಾಟ್‌ನ ಬಲ್ಬು ತುರುಕಿದ್ದಾರೆಯೇ ನೋಡಿ. ಎಲ್‌ಇಡಿ ಹಾಕಿದರೆ ಶಾಖ ತಗ್ಗುತ್ತದೆ, ಆದರೆ ಎಸಿ/ಡಿಸಿ ಸೆಟ್ಟಿನಲ್ಲಿ ದೀಪ ಹೀಟರುಗಳ (ವಾಲ್ವಿನೊಳಗೆ ಕಾಯುವ ತಂತಿಗಳ) ಸರಣಿಯಲ್ಲೇ ಇದ್ದರೆ ಆ ಬದಲಾವಣೆ ನಡೆಯದು, ವಾಲ್ವುಗಳೇ ಉರಿಯುವುದಿಲ್ಲ.

ಯಾವ ಪ್ಲಾಸ್ಟಿಕ್ ಎಂದು ತಿಳಿಯದೆ ಡಬ್ಬಿ ಅಲುಗಿಸಬೇಡಿ

ಹೊತ್ತು ಕೊಡಬೇಕಾದ್ದು ಇಲ್ಲಿ. ಒಂದೇ ರೇಡಿಯೋದಲ್ಲಿ ಮೂರು ನಾಲ್ಕು ಬಗೆಯ ಪ್ಲಾಸ್ಟಿಕ್ ಇರಬಹುದು: ನಾಬು ಬೇಕಲೈಟ್, ಅಂಚುಪಟ್ಟಿ ಪಾಲಿಸ್ಟೈರೀನ್, ಡಯಲ್ ಮುಚ್ಚಳ ಅಕ್ರಿಲಿಕ್, ಹಿಂಬದಿ ಮುಚ್ಚಳ ರಟ್ಟು. 1960ರ ದಶಕದ ನಂತರದ ಟ್ರಾನ್ಸಿಸ್ಟರ್ ಸೆಟ್ಟುಗಳಲ್ಲಿ ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ ಸೇರಿಕೊಳ್ಳುತ್ತದೆ.

ಮೊದಲು ನೀರಿನ ಪರೀಕ್ಷೆ. ಲೋಹದ ಸ್ಕ್ರೂ, ಅಂಟು ಯಾವುದೂ ಇಲ್ಲದ ತುಂಡನ್ನು ಸಿಹಿನೀರಿಗೆ ಹಾಕಿ, ಗುಳ್ಳೆಗಳನ್ನು ಬೆರಳಿನಿಂದ ಸವರಿ ತೆಗೆಯಿರಿ. ತೇಲಿದರೆ ಪಾಲಿಪ್ರೊಪಿಲೀನ್ ಅಥವಾ ಪಾಲಿಥೀನ್. ಇದಕ್ಕೆ ಯಾವ ಬಣ್ಣವೂ ಸುಲಭಕ್ಕೆ ಒಗ್ಗುವುದಿಲ್ಲ. ಮುಳುಗಿದರೆ ಒಂದು ಲೀಟರ್ ನೀರಿಗೆ 120 ಗ್ರಾಂ ಉಪ್ಪು ಪೂರ್ತಿ ಕರಗಿಸಿ ಅದರಲ್ಲಿ ಹಾಕಿ. ಈಗ ತೇಲಿದರೆ ಪಾಲಿಸ್ಟೈರೀನ್ ಅಥವಾ ಎಬಿಎಸ್, ಅವುಗಳ ಸಾಂದ್ರತೆ 1.05ರ ಆಸುಪಾಸು. ಇಲ್ಲೂ ಮುಳುಗಿದರೆ ಅಕ್ರಿಲಿಕ್ (1.18), ಸೆಲ್ಯುಲೋಸ್ ಅಸಿಟೇಟ್ (1.3) ಅಥವಾ ಬೇಕಲೈಟ್. ಮನೆಯೆದುರೇ ಕಡಲಿದೆಯಲ್ಲ ಎಂದು ಕೊಡದಲ್ಲಿ ಸಮುದ್ರದ ನೀರು ತಂದರೆ ಆಗದು. ಅದರ ಸಾಂದ್ರತೆ 1.025ರ ಹತ್ತಿರ, ಅದರಲ್ಲಿ ಪಾಲಿಸ್ಟೈರೀನ್ ತಳ ಕಾಣುತ್ತದೆ.

ಪಾಲಿಸ್ಟೈರೀನ್, ಎಬಿಎಸ್ ನಡುವೆ ಗೊತ್ತುಮಾಡಲು ಕಿವಿ ಸಾಕು. ಕಲ್ಲುನೆಲದ ಮೇಲೆ ಎರಡು ಅಂಗುಲ ಎತ್ತರದಿಂದ ಬಿಟ್ಟರೆ ಪಾಲಿಸ್ಟೈರೀನ್ ಬಳೆಯಂತೆ ಟಿಣ್ ಎನ್ನುತ್ತದೆ, ಎಬಿಎಸ್ ಟಪ್ ಎನ್ನುತ್ತದೆ. ಒಳಬದಿಯ ಮುರಿದ ಚೂರಿದ್ದರೆ ಬಗ್ಗಿಸಿ ನೋಡಿ: ಪಾಲಿಸ್ಟೈರೀನ್ ಚಟ್ಟನೆ ಮುರಿಯುತ್ತದೆ, ಎಬಿಎಸ್ ಬಾಗಿದ ಗೆರೆಯಲ್ಲಿ ಬೆಳ್ಳಗಾಗುತ್ತದೆ.

ಬಿಸಿ ಸೂಜಿಯನ್ನು ಒಳ ಅಂಚಿಗೆ ತಾಗಿಸಿದಾಗ ಸೂಜಿ ಇಳಿಯದೆ ಫಿನಾಯಿಲಿನಂಥ ವಾಸನೆ ಬಂದರೆ ಬೇಕಲೈಟ್. ಸೂಜಿ ಇಳಿಯದೆ ಮೀನಿನ ಕಮಟು ಬಂದರೆ ಯೂರಿಯಾ ಫಾರ್ಮಾಲ್ಡಿಹೈಡ್. ಕೆನೆ ಬಣ್ಣದ ಪೆಟ್ಟಿಗೆಗಳು ಹೆಚ್ಚಾಗಿ ಇದರವು, ಬೇಕಲೈಟನ್ನು ಅಷ್ಟು ತಿಳಿಬಣ್ಣದಲ್ಲಿ ಮಾಡಲಾಗುವುದಿಲ್ಲ. ವಿನೆಗರ್ ವಾಸನೆ ಬಂದರೆ ಸೆಲ್ಯುಲೋಸ್ ಅಸಿಟೇಟ್. ತೆಳುವಾದ, ಹಳದಿ ತಿರುಗಿದ ಪಾರದರ್ಶಕ ಹಾಳೆಗೆ ಮಾತ್ರ ಸೂಜಿ ಬೇಡವೇ ಬೇಡ. ಹೆಬ್ಬೆರಳಿನಿಂದ ಜೋರಾಗಿ ಉಜ್ಜಿ ಮೂಸಿ; ಕರ್ಪೂರದ ಪರಿಮಳ ಬಂದರೆ ಅದು ಸೆಲ್ಯುಲಾಯ್ಡ್, ಭಗ್ಗೆಂದು ಹೊತ್ತಿಕೊಳ್ಳುವ ವಸ್ತು.

ಬಣ್ಣ ಬಿದ್ದ ಕೂಡಲೇ ಸುಕ್ಕು, ನವಿರು ಬಿರುಕು

ಪಾಲಿಸ್ಟೈರೀನ್ ಮೇಲೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣದ ಥಿನ್ನರ್, ಅಸಿಟೋನ್, ಪೆಟ್ರೋಲು ಬಿದ್ದರೆ ಆಗುವುದು ಇದೇ. ಕಾರಿನ ಬಣ್ಣದಂಗಡಿಯಲ್ಲಿ ಬೆರೆಸಿಕೊಡುವ ಬಣ್ಣ ಚೆನ್ನಾಗಿಯೇ ಇರುತ್ತದೆ, ಆದರೆ ಅದರೊಳಗಿನ ಥಿನ್ನರ್ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಅಚ್ಚಿನಲ್ಲಿ ಎರಕವಾದಾಗ ಒಳಗೆ ಉಳಿದ ಬಿಗುವು ಸ್ಕ್ರೂ ತೂತುಗಳ ಸುತ್ತ ಹೆಚ್ಚು. ಬಿರುಕು ಶುರುವಾಗುವುದೂ ಅಲ್ಲಿಂದಲೇ.

ಆಗಿಹೋಗಿದ್ದರೆ ಮತ್ತೆ ಥಿನ್ನರಿನಿಂದ ಒರೆಸಬೇಡಿ, ಪಟ್ಟಿ ಅಂಟಾಗಿ ಎಳೆಯುತ್ತದೆ. 48 ಗಂಟೆ ಬಿಟ್ಟು, ಗಟ್ಟಿಯಾದ ಮೇಲೆ 400, 600, 800 ನಂಬರಿನ ವಾಟರ್ ಪೇಪರಿನಿಂದ ನೀರು ಹಾಕಿ ತಿಕ್ಕಿ ಸಮ ಮಾಡಿ. ನಂತರ ಒಂದು ತಡೆಪದರ ಬೇಕು. ನೀರಿನ ಅಕ್ರಿಲಿಕ್ ಬಣ್ಣವನ್ನು ತೆಳ್ಳಗೆ ಎರಡು ಕೈ ಬಳಿದು ಒಂದು ದಿನ ಒಣಗಿಸುವುದು ಸುಲಭದ ದಾರಿ. ಮರಗೆಲಸದವರ ಅರಗಿನ ಪಾಲಿಶ್ ಇನ್ನೂ ಒಳ್ಳೆಯದು, ಏಕೆಂದರೆ ಸ್ಪಿರಿಟ್ ಪಾಲಿಸ್ಟೈರೀನನ್ನು ಕರಗಿಸುವುದಿಲ್ಲ. ಪಾಲಿಶ್ ಬಾಟಲಿಯನ್ನು ಎರಡು ದಿನ ಅಲುಗಿಸದೆ ಇಟ್ಟು, ತಳಕ್ಕೆ ಕೂತ ಮೇಣದ ಗಸಿ ಕದಡದಂತೆ ಮೇಲಿನ ತಿಳಿಯನ್ನು ಮಾತ್ರ ಬಳಸಿ. ಗಸಿ ಸೇರಿದರೆ ಮೇಲಿನ ಬಣ್ಣ ಹಿಡಿಯದು. ತಡೆಪದರದ ಮೇಲೂ ಸ್ಪ್ರೇಯ ಮೊದಲ ಎರಡು ಕೈ ಇಬ್ಬನಿಯಷ್ಟೇ ಇರಲಿ: 25ರಿಂದ 30 ಸೆಂಟಿಮೀಟರ್ ದೂರ, ನಡುವೆ 10 ನಿಮಿಷ.

ಅಕ್ರಿಲಿಕ್‌ನ ಡಯಲ್ ಮುಚ್ಚಳದ ಸ್ವಭಾವ ತಿರುಗುಮುರುಗು. ಪಾಲಿಸ್ಟೈರೀನಿಗೆ ಒಗ್ಗುವ ಸ್ಪಿರಿಟ್ ಇದಕ್ಕೆ ಆಗದು, ನವಿರಾದ ಜೇಡರಬಲೆಯಂಥ ಬಿರುಕು ಬಿಡುತ್ತದೆ. ಸೋಪಿನ ನೀರು ಬಿಟ್ಟು ಬೇರೇನೂ ಬೇಡ.

ಬಿಳಿ ಮಂಜು

ಆಷಾಢದಲ್ಲಿ ಕಾರವಾರದ ಜಗುಲಿಯ ಮೇಲೆ ಕಪ್ಪು ಬಣ್ಣ ಹೊಡೆದರೆ ಒಣಗುವಾಗ ಅದು ಬೂದಿ ಬಳಿದಂತೆ ಕಾಣುತ್ತದೆ. ದ್ರಾವಕ ಆರುವಾಗ ಬಣ್ಣದ ಮೈ ತಣ್ಣಗಾಗುತ್ತದೆ. ಆ ತಂಪಿಗೆ ಗಾಳಿಯ ತೇವ ಹನಿಯಾಗಿ ಹಸಿ ಬಣ್ಣದೊಳಗೆ ಸಿಕ್ಕಿಕೊಳ್ಳುತ್ತದೆ. ಲೆಕ್ಕ ನೋಡಿ: 28 ಡಿಗ್ರಿ ಸೆಲ್ಸಿಯಸ್, 90 ಶೇಕಡಾ ತೇವಾಂಶವಿದ್ದಾಗ ಇಬ್ಬನಿ ಕಟ್ಟುವ ಉಷ್ಣತೆ 26.2 ಡಿಗ್ರಿ. ಬಣ್ಣ ಎರಡು ಡಿಗ್ರಿ ತಣ್ಣಗಾದರೆ ಮುಗಿಯಿತು. ಅದೇ ಬೇಸಗೆಗೆ ಮುಂಚಿನ ಒಣ ಮಧ್ಯಾಹ್ನ 32 ಡಿಗ್ರಿ, 50 ಶೇಕಡಾ ಇದ್ದರೆ ಇಬ್ಬನಿಯ ಗಡಿ 20ಕ್ಕೆ ಇಳಿಯುತ್ತದೆ; ಹನ್ನೆರಡು ಡಿಗ್ರಿಯ ಅಂತರವಿದೆ, ಮಂಜಿನ ಭಯವಿಲ್ಲ. ಸ್ಪ್ರೇ ಕೆಲಸವನ್ನು ದೀಪಾವಳಿ ಕಳೆದ ಮೇಲೆ ಶಿವರಾತ್ರಿಯೊಳಗೆ, ಬೆಳಗ್ಗೆ 11ರಿಂದ 3 ಗಂಟೆಯ ನಡುವೆ ಇಟ್ಟುಕೊಂಡರೆ ಅರ್ಧ ತಲೆನೋವು ಇರುವುದೇ ಇಲ್ಲ.

ಮಳೆಗಾಲದಲ್ಲೇ ಮಾಡಬೇಕಾಗಿ ಬಂದರೆ ಪಟ್ಟಿಯನ್ನು ಬೆಚ್ಚಗೆ ಮಾಡಿಕೊಳ್ಳಿ. ಮರದ ಪೆಟ್ಟಿಗೆಯೊಂದಕ್ಕೆ 60 ವಾಟ್‌ನ ತಂತಿ ಬಲ್ಬು ಹಾಕಿ, ಮೇಲೆ ಕೆಳಗೆ ಎರಡೆರಡು ತೂತು ಬಿಟ್ಟು, ಒಳಗೆ ಥರ್ಮಾಮೀಟರ್ ಇಡಿ. ಹೊರಗೆ 28 ಡಿಗ್ರಿ, 90 ಶೇಕಡಾ ಇದ್ದ ಗಾಳಿಯೇ ಪೆಟ್ಟಿಗೆಯಲ್ಲಿ 40 ಡಿಗ್ರಿಗೆ ಏರಿದಾಗ ತೇವಾಂಶ ಸುಮಾರು 46 ಶೇಕಡಾಕ್ಕೆ ಇಳಿಯುತ್ತದೆ. ಪಟ್ಟಿ ಬಲ್ಬಿನಿಂದ 30 ಸೆಂಟಿಮೀಟರಾದರೂ ದೂರವಿರಲಿ, ಉಷ್ಣತೆ 45 ದಾಟದಿರಲಿ. ಅರ್ಧ ಗಂಟೆ ಬೆಚ್ಚಗಾದ ಪಟ್ಟಿಯನ್ನು ಹೊರತಂದು, ತೆರೆದ ಜಾಗದಲ್ಲಿ ತೆಳ್ಳಗೆ ಒಂದು ಕೈ ಹೊಡೆದು, ಹದಿನೈದು ನಿಮಿಷ ಆವಿ ಹಾರಲು ಬಿಟ್ಟು ಮತ್ತೆ ಒಳಗಿಡಿ. ಉರಿವ ಬಲ್ಬಿರುವ ಪೆಟ್ಟಿಗೆಯೊಳಗೆ ಸ್ಪ್ರೇ ಮಾಡಬಾರದು. ಬಚ್ಚಲ ಒಲೆಯ ಹತ್ತಿರವಂತೂ ಡಬ್ಬಿ ಒಯ್ಯಲೇಬಾರದು.

ಮಂಜು ಬಂದಾಗಿದ್ದರೆ ಎಲ್ಲ ಕೆರೆದು ತೆಗೆಯುವ ಅಗತ್ಯವಿಲ್ಲ. ತೆಳು ಮಂಜು ಬೆಚ್ಚಗಿನ ಪೆಟ್ಟಿಗೆಯಲ್ಲಿ ತಾನೇ ಹೋಗುವುದುಂಟು. ಹೋಗದಿದ್ದರೆ, ಪೂರ್ತಿ ಒಣಗಿದ ಮೇಲೆ 2000 ನಂಬರಿನ ಪೇಪರು, ನಂತರ ರಬ್ಬಿಂಗ್ ಕಾಂಪೌಂಡು. ಮಂಜು ಮೇಲ್ಪದರದಲ್ಲೇ ಇದ್ದರೆ ಹೊಳಪು ಮರಳುತ್ತದೆ. ಅರಗಿನ ಪಾಲಿಶ್‌ಗೂ ಈ ಕಾಯಿಲೆ ಬರುತ್ತದೆ ಎಂಬುದು ನೆನಪಿರಲಿ.

ಗುಳಿ ಬೀಳುವುದು, ಸಿಪ್ಪೆ ಏಳುವುದು

ಬಣ್ಣ ಒಂದು ಚುಕ್ಕೆಯಿಂದ ಸುತ್ತಲೂ ಹಿಂದೆ ಸರಿದು ಮೀನುಗಣ್ಣಿನಂತೆ ನಿಂತರೆ ಅಲ್ಲಿ ಎಣ್ಣೆಯಿದೆ. ಕರಾವಳಿಯಲ್ಲಿ ಹೊಳಪು ಬರಲೆಂದು ರೇಡಿಯೋಕ್ಕೆ ತೆಂಗಿನೆಣ್ಣೆ ಸವರಿ ಒರೆಸುವ ರೂಢಿ ಹಳೆಯದು. ಅದು ಕೆತ್ತನೆಗಳ ಸಂದಿಯಲ್ಲಿ ಧೂಳಿನೊಡನೆ ಸೇರಿ ಅಂಟಿನಂತಾಗಿರುತ್ತದೆ. ಪೀಠೋಪಕರಣದ ಸಿಲಿಕೋನ್ ಸ್ಪ್ರೇ ಇದಕ್ಕಿಂತ ಹಟಮಾರಿ. ಸೋಪು ನೀರಿನಲ್ಲಿ ಎರಡು ಸಲ ತೊಳೆದು, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ನೆನೆದ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಿ, ಪ್ರತಿ ಸಲ ಬಟ್ಟೆಯ ಹೊಸ ಮಡಿಕೆ ಬಳಸಿ. ಅದೇ ಮಡಿಕೆಯಿಂದ ಹಿಂದೆ ಮುಂದೆ ಉಜ್ಜಿದರೆ ಎಣ್ಣೆಯನ್ನು ಹರಡಿದಂತೆ. ತೊಳೆದ ಪಟ್ಟಿಯ ಮೇಲೆ ನೀರು ಹನಿಹನಿಯಾಗಿ ನಿಲ್ಲದೆ ಹಾಳೆಯಂತೆ ಹರಡಿದರೆ ಎಣ್ಣೆ ಹೋಗಿದೆ ಎಂದರ್ಥ.

ಬಣ್ಣ ಹಾಳೆ ಹಾಳೆಯಾಗಿ ಎದ್ದರೆ ಎರಡು ಅನುಮಾನ. ನುಣುಪಾದ ಮೈಯನ್ನು ತಿಕ್ಕಿಯೇ ಇಲ್ಲ, ಅಥವಾ ಅದು ಮೊದಲೇ ಹೇಳಿದ ನೀರಲ್ಲಿ ತೇಲುವ ಪ್ಲಾಸ್ಟಿಕ್. ಮೊದಲನೆಯದಕ್ಕೆ 600 ನಂಬರಿನಿಂದ ಹೊಳಪು ಹೋಗುವ ತನಕ ತಿಕ್ಕಿದರೆ ಸಾಕು. ಎರಡನೆಯದಕ್ಕೆ ಕಾರಿನ ಬಂಪರುಗಳಿಗೆ ಹೊಡೆಯುವ ಪಿಪಿ (ಪಾಲಿಪ್ರೊಪಿಲೀನ್) ಪ್ರೈಮರ್ ಬೇಕು. ಕೆಲವು ವಾರದ ಮೇಲೆ ಸಣ್ಣ ಬೊಕ್ಕೆಗಳೆದ್ದರೆ ಅದು ಉಪ್ಪಿನ ಕೆಲಸ: ಬಣ್ಣದಡಿ ಉಳಿದ ಉಪ್ಪಿನ ಕಣ ತೇವವನ್ನು ಎಳೆದುಕೊಂಡು ಬಣ್ಣವನ್ನು ಎತ್ತುತ್ತದೆ. ಕಡಲ ಹತ್ತಿರದ ಬಾವಿ ನೀರು ಸಪ್ಪೆಯಾಗಿದೆ ಎನಿಸಿದರೂ ಕೊನೆಯ ತೊಳೆತಕ್ಕೆ ಬೇಡ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅರ್ಧ ಲೀಟರ್ ಸಾಕು. ಉಪ್ಪುನೀರಿನ ಪರೀಕ್ಷೆ ಮಾಡಿದ ತುಂಡಿಗಂತೂ ಇದು ಕಡ್ಡಾಯ.

ಅದ್ದುವ ಬಣ್ಣ ಹಿಡಿಯದಿದ್ದರೆ

ಬಟ್ಟೆಯ ಬಣ್ಣದ ಪೊಟ್ಟಣಗಳಲ್ಲಿ ಹೆಚ್ಚಿನವು ಹತ್ತಿಗೆಂದು ಮಾಡಿದವು. ಅದರಲ್ಲಿ ಪಾಲಿಸ್ಟೈರೀನನ್ನು ಒಂದು ಹಗಲು ಕುದಿಸಿದರೂ ತೊಳೆದಾಗ ಎಲ್ಲ ಹೋಗುತ್ತದೆ. ಚೊಗರಿನದೂ ಅದೇ ಪಾಡು: ಪಂಚೆಗೆ ಬಿದ್ದರೆ ಜನ್ಮಕ್ಕೆ ಬಿಡದು, ನಾಬಿಗೆ ಬಿದ್ದರೆ ಬ್ರಷ್ಷಿಗೆ ಬಿಡುತ್ತದೆ. ಬೇಕಾದ್ದು ಪಾಲಿಯೆಸ್ಟರ್ ಬಟ್ಟೆಗೆ ಬಳಸುವ ಡಿಸ್ಪರ್ಸ್ ಡೈ. ಅದು ಎಬಿಎಸ್, ಪಾಲಿಸ್ಟೈರೀನ್, ಸೆಲ್ಯುಲೋಸ್ ಅಸಿಟೇಟ್ ಒಳಗೆ ಇಳಿಯುತ್ತದೆ. ಬೇಕಲೈಟಿಗೆ ಇಳಿಯದು.

ಒಂದು ಲೀಟರ್ ನೀರಿಗೆ 3ರಿಂದ 5 ಗ್ರಾಂ ಪುಡಿ, ಎರಡು ಹನಿ ಸೋಪು. ಬಿಸಿ ನೀರಲ್ಲಿ ಕದಡಿ, ತೆಳು ಹತ್ತಿ ಬಟ್ಟೆಯಲ್ಲಿ ಸೋಸಿ. ಸೋಸದಿದ್ದರೆ ಕರಗದ ಕಣ ಚುಕ್ಕೆಯಾಗಿ ಕೂರುತ್ತದೆ. ಪಾಲಿಸ್ಟೈರೀನಿಗೆ 60ರಿಂದ 65 ಡಿಗ್ರಿ, ಎಬಿಎಸ್‌ಗೆ 75ರಿಂದ 80. ಪಾಲಿಸ್ಟೈರೀನ್ 80 ಡಿಗ್ರಿಯ ಸುಮಾರಿಗೇ ಮೆತ್ತಗಾಗತೊಡಗುತ್ತದೆ, ಉದ್ದದ ಪಟ್ಟಿ ಹಪ್ಪಳದಂತೆ ತಿರುಚಿಕೊಳ್ಳುತ್ತದೆ. ಪಟ್ಟಿಯನ್ನು ಪಾತ್ರೆಯ ತಳಕ್ಕೆ ತಾಗದಂತೆ ತಂತಿಯಲ್ಲಿ ತೂಗಿಬಿಟ್ಟು, ಎರಡು ನಿಮಿಷಕ್ಕೊಮ್ಮೆ ಅಲುಗಿಸಿ, 10 ನಿಮಿಷಕ್ಕೆ ಎತ್ತಿ ನೋಡಿ. ಸಾಲದಿದ್ದರೆ ಮತ್ತೆ 10 ನಿಮಿಷ. ತೆಗೆದ ಮೇಲೆ ತಣ್ಣೀರಿಗೆ ಎಸೆಯಬೇಡಿ, ಹಾಗೆಯೇ ಆರಲಿ. ಆ ಪಾತ್ರೆ ಮತ್ತೆ ಅಡುಗೆಮನೆಗೆ ಹೋಗಕೂಡದು. ಅದ್ದುವ ದಾರಿಯಲ್ಲಿ ತಿಳಿಯಿಂದ ಗಾಢಕ್ಕೆ ಹೋಗಬಹುದು, ಕಂದಿನಿಂದ ಕೆನೆಗೆ ಬರಲಾಗದು. ಬಿಸಿಲಿಗೆ ಬೆಂದ ಬದಿ ಹೆಚ್ಚು ಬಣ್ಣ ಹೀರಿ ಕಲೆಯಂತೆ ಕಾಣಬಹುದು. ಮೊದಲೇ 800 ನಂಬರಿನಿಂದ ಆ ಪದರ ತೆಗೆದರೆ ಸಮವಾಗುತ್ತದೆ.

ಪೆರಾಕ್ಸೈಡಿನ ಕಲೆಗಳು

ಹಳದಿಯನ್ನು ಮರಳಿ ಬಿಳಿ ಮಾಡಲು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಬಿಸಿಲು ಬಳಸುವವರಿದ್ದಾರೆ. ಔಷಧ ಅಂಗಡಿಯ 20 ವಾಲ್ಯೂಮ್ ಎಂದರೆ 6 ಶೇಕಡಾ. ಕೂದಲ ಬಣ್ಣದ 40 ವಾಲ್ಯೂಮ್ ಕ್ರೀಮು 12 ಶೇಕಡಾ. ಎಬಿಎಸ್ ಮೇಲೆ ಚೆನ್ನಾಗಿ ನಡೆಯುತ್ತದೆ, ಬೇಕಲೈಟನ್ನು ಕೆಡಿಸುತ್ತದೆ. ಮೋಡದಂಥ ಕಲೆಗಳು ಬಂದರೆ ಕಾರಣ ಕ್ರೀಮು ಅಲ್ಲಲ್ಲಿ ಒಣಗಿದ್ದು. ಪಟ್ಟಿ ಚಿಕ್ಕದಿದ್ದರೆ ಕ್ರೀಮು ಬಿಟ್ಟು ಗಾಜಿನ ತಟ್ಟೆಯಲ್ಲಿ ದ್ರವದಲ್ಲೇ ಪೂರ್ತಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ತಿರುಗಿಸಿ. ಮುಚ್ಚಳ ಬಿಗಿಯಾಗಿ ಹಾಕಬೇಡಿ, ಆಮ್ಲಜನಕ ತುಂಬಿ ಒಡೆಯುತ್ತದೆ. ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ ಬೇಕು. ವೈಶಾಖದ ಬಿಸಿಲಲ್ಲಿ ಗಾಜಿನ ತಟ್ಟೆ ಎಷ್ಟು ಕಾಯುತ್ತದೆ ಎಂಬುದನ್ನು ಥರ್ಮಾಮೀಟರಿನಲ್ಲಿ ನೋಡಿ, 50 ಡಿಗ್ರಿ ಮೀರಿದರೆ ನೆರಳಿಗೆ ತನ್ನಿ. ಈ ಬಿಳುಪು ಶಾಶ್ವತವಲ್ಲ, ವರ್ಷಗಳಲ್ಲಿ ಹಳದಿ ಮರಳಬಹುದು. ರೇಡಿಯೋ ಕಿಟಕಿ ಪಕ್ಕವೇ ಇರುವುದಾದರೆ ಬಣ್ಣ ಹೊಡೆಯುವುದೇ ಲೇಸು.

ಕೆನೆ ಬಣ್ಣ ಬೆರೆಸುವಾಗ ಬಿಳಿಗೆ ಹಳದಿ ಓಕರ್ ಚೂರೇ ಚೂರು, ಅಂಬರ್ ಕಂದು ಕಡ್ಡಿ ಮೊನೆಯಷ್ಟು. ನೀರಿನ ಅಕ್ರಿಲಿಕ್ ಒಣಗಿದಾಗ ಗಾಢವಾಗುತ್ತದೆ, ಆದ್ದರಿಂದ ಹಸಿ ಬಣ್ಣವನ್ನಲ್ಲ, ಒಣಗಿದ ಮಚ್ಚೆಯನ್ನು ನಾಬಿನಡಿಯ ಮೂಲ ಬಣ್ಣಕ್ಕೆ ಹಗಲು ಬೆಳಕಲ್ಲಿ ಹೋಲಿಸಿ.

ಚಿನ್ನದ ಗೆರೆ

ಹೊಳೆಯುವ ಚಿನ್ನದ ಪಟ್ಟಿಗಳು ಹೆಚ್ಚಾಗಿ ಪ್ಲಾಸ್ಟಿಕ್ ಮೇಲೆ ನಿರ್ವಾತದಲ್ಲಿ ಕೂರಿಸಿದ ಲೋಹದ ತೆಳು ಪದರ. ಹಿತ್ತಾಳೆ ಉಜ್ಜುವ ಬ್ರಾಸ್ಸೊ ತಾಗಿದರೆ ಒಂದೇ ಒರೆತಕ್ಕೆ ಬೋಳು. ಮೊದಲು ಹಿಂಬದಿ ನೋಡಿ: ಪಾರದರ್ಶಕ ಪ್ಲಾಸ್ಟಿಕ್‌ಗೆ ಹಿಂದಿನಿಂದ ಚಿನ್ನ ಬಳಿದಿದ್ದರೆ ಮುಂಬದಿಯನ್ನು ಸೋಪಿನಿಂದ ತೊಳೆಯಬಹುದು, ಹಿಂಬದಿ ಉದುರಿದಲ್ಲಿ ಮಾತ್ರ ನೀರಿನ ಚಿನ್ನದ ಬಣ್ಣ ತುಂಬಬಹುದು. ಮುಂಬದಿಯ ಪದರವಾಗಿದ್ದರೆ ಒಣ ಮೆತ್ತನೆ ಬ್ರಷ್ಷಿಗಿಂತ ಹೆಚ್ಚಿನದ್ದು ಬೇಡ.

ಜೋಡಿಸಿದ ಮೇಲೆ

ಬಣ್ಣ ಮುಟ್ಟಲು ಒಣಗಿದ್ದರೂ ಒಳಗೆ ಗಟ್ಟಿಯಾಗಲು ಒಂದು ವಾರ ಬೇಕು, ಮಳೆಗಾಲದಲ್ಲಿ ಎರಡು. ಅಲ್ಲಿಯವರೆಗೆ ಪತ್ರಿಕೆಯಲ್ಲಿ ಸುತ್ತಿದರೆ ಅಕ್ಷರ ಅಚ್ಚಾಗುತ್ತದೆ. ಕರೆಂಟಿನ ಪಿವಿಸಿ ವೈರನ್ನು ಪಾಲಿಸ್ಟೈರೀನಿಗೆ ತಾಗಿಸಿ ಸುತ್ತಿಡಲೇಬೇಡಿ. ವೈರನ್ನು ಮೆತ್ತಗಿರಿಸುವ ಎಣ್ಣೆಯಂಥ ಅಂಶ ಪಟ್ಟಿಗೆ ಇಳಿದು ಹಾವು ಹರಿದಂತೆ ಕರಗಿದ ಗುರುತು ಬೀಳುತ್ತದೆ, ಬಣ್ಣದ ಮೂಲಕವೂ. ಸ್ಕ್ರೂ ಬೆರಳ ಬಿಗುವಿಗಿಂತ ಕಾಲು ಸುತ್ತು ಹೆಚ್ಚು, ಅಷ್ಟೇ. ನಾಬಿನ ಪುಟ್ಟ ಸ್ಕ್ರೂವಿನ ತೂತಿಗೆ ಮೊದಲು ಮೇಣ ತುಂಬಿದ್ದರು, ಶಾಕ್ ತಾಗದಿರಲೆಂದು. ತೊಳೆಯುವಾಗ ಹೋದ ಆ ಮೇಣವನ್ನು ಮರಳಿ ತುಂಬಿ. ಲೋಹದ ಪುಡಿಯಿರುವ ಬಣ್ಣ ಆ ತೂತಿಗೆ ಇಳಿಯಬಾರದು.

ಟ್ರಾನ್ಸಿಸ್ಟರ್ ಸೆಟ್ಟಿನಲ್ಲಿ ಕ್ರೋಮ್ ಗೆರೆಯ ಬದಲು ಅಲ್ಯೂಮಿನಿಯಂ ಟೇಪು ಸುತ್ತಿದ ಮೇಲೆ ಮೀಡಿಯಂ ವೇವ್‌ನ ಸ್ಟೇಷನ್ನುಗಳು ಕುಗ್ಗಿದರೆ ರಿಪೇರಿಯವರನ್ನು ಹುಡುಕುವ ಮುನ್ನ ಆ ಟೇಪನ್ನು ನೋಡಿ. ಅದು ಪೆಟ್ಟಿಗೆಯ ಸುತ್ತ ಪೂರ್ತಿ ಬಂದು ತುದಿಗೆ ತುದಿ ಕೂಡಿದ್ದರೆ ಒಳಗಿನ ಫೆರೈಟ್ ಕಡ್ಡಿಯ ಆಂಟೆನಾಕ್ಕೆ ಶಾರ್ಟಾದ ಸುತ್ತಿನಂತೆ ವರ್ತಿಸಿ ಸಿಗ್ನಲನ್ನು ನುಂಗಬಹುದು. ಹಿಂಬದಿಯಲ್ಲಿ ಕಾಣದ ಕಡೆ ಬ್ಲೇಡಿನಿಂದ 5 ಮಿಲಿಮೀಟರ್ ಅಗಲ ಕೊಯ್ದು ತೆಗೆದು, ಸೆಟ್ಟು ಹಚ್ಚಿ ಕೇಳಿ.